ಬಾಕಿ ನೋಟು

ಕೆಲಮಂಗಲ ದಾಟಿದ ಮೇಲೆ ಕ್ವಾರಿ ಗೇಟಿನ ಎದುರು
ನನ್ನ ಟೀ ಅಂಗಡಿ. ಸೀಮೆಎಣ್ಣೆ ಸ್ಟೌ ಇದ್ದ ಕಾಲದಿಂದ
ಲೋಟ ತೊಳೆಯುತ್ತ ಬಂದಿದ್ದೇನೆ.
ಓದಿದ್ದು ನಾಲ್ಕನೇ ಕ್ಲಾಸು, ಕನ್ನಡದಲ್ಲಿ.
ಬಾಕಿ ಬರೆಯೋಕೆ ಅಷ್ಟು ಸಾಕು.

ಆಗ ಹೊತ್ತಿಗೆ ನಲವತ್ತೆರಡು ಲೋಟ.
ಡ್ರಿಲ್ಲು ಹಿಡಿದವರು ಹಿಟ್ಟಿನ ಗಿರಣಿಯಿಂದ ಎದ್ದು ಬಂದ ಹಾಗೆ
ರೆಪ್ಪೆಯೂ ಬಿಳಿ.
ಮೊದಲ ಗುಟುಕು ನುಂಗುವುದಿಲ್ಲ, ಮುಕ್ಕಳಿಸಿ ಉಗಿಯುತ್ತಾರೆ.
ಉಗಿದ ಗುಟುಕಿಗೂ ಕಾಸು ಹಿಡಿದಿದ್ದೇನೆ,
ಸುಳ್ಳು ಯಾಕೆ ಹೇಳಲಿ.

ಕೆಮ್ಮು ಹತ್ತಿದವನು ಶುಂಠಿ ಹಾಕು ಅಂತಾನೆ,
ಆಮೇಲೆ ಅರ್ಧ ಲೋಟ ಸಾಕು ಅಂತಾನೆ,
ಆಮೇಲೆ ಅವನ ಹೆಂಡತಿ ಸ್ಟೀಲು ಡಬ್ಬಿ ಹಿಡಿದು ಬರ್ತಾಳೆ.
ಆಮೇಲೆ ಪುಟಕ್ಕೆ ಒಂದು ಅಡ್ಡಗೆರೆ.
ಮೂವತ್ತಾರು ರೂಪಾಯಿ. ನೂರಾ ಹತ್ತು. ಎಂಟು.
ಸತ್ತವರ ಬಾಕಿ ಕೇಳಬಾರದು ಅಂತಿದ್ದಳು ನನ್ನತ್ತೆ;
ಇಷ್ಟು ಬೇಗ ಬೇಗ ಸಾಯ್ತಾರೆ ಅಂತ ಅವಳಿಗೇನು ಗೊತ್ತಿತ್ತು.

ಗುಟ್ಟಪ್ಪ ಹೋದಾಗ ಅವನಿಗೆ ಮೂವತ್ತೆಂಟು.
ಚಟ್ಟದ ಮುಂದೆ ಅವನ ಅಪ್ಪ, ಅವನ ಮಾವ,
ಹಿಂದೆ ಹುಡುಗರಿಬ್ಬರು, ಎಂಟನೇ ಕ್ಲಾಸು, ಆರನೇ ಕ್ಲಾಸು.
ಎತ್ತರ ಸರಿಹೋಗದೆ ಹೆಣ ಹಿಂದಕ್ಕೆ ಜಾರುತ್ತಿತ್ತು.
ಹೆಂಗಸರು ಕೂಗಿದರು, ಮೆಲ್ಲಗೆ, ಮೆಲ್ಲಗೆ,
ಅವನಿಗೆಲ್ಲಿ ಪೆಟ್ಟಾಗುತ್ತೋ ಅನ್ನೋ ಹಾಗೆ.
ನಡುವಯಸ್ಸಿನ ಹೆಗಲು ಆ ದಿನ
ಊರಲ್ಲಿ ಹುಡುಕಿದರೂ ಸಿಗಲಿಲ್ಲ.

ಕೃಷ್ಣಗಿರಿಯಿಂದ ಬಂದ ಮೇಡಮ್ಮು ತಮಿಳಲ್ಲಿ ಕೇಳಿದಳು,
ದುಡಿಯುವ ವಯಸ್ಸಿನವರು ಎಷ್ಟು ಜನ?
ಹದಿನೈದರಿಂದ ಐವತ್ತೊಂಬತ್ತು.
ಐವತ್ತೊಂಬತ್ತು ಕಂಡ ಕ್ವಾರಿಯಾಳು ಒಬ್ಬನೇ ಅಂದೆ,
ಗೇಟು ಕಾಯುವ ಚಿನ್ನಮುನಿ.
ಇಪ್ಪತ್ತೆರಡಕ್ಕೇ ಕಲ್ಲು ಉರುಳಿ ಕಾಲು ಹೋಯಿತು,
ಬಂಡೆ ಹತ್ತಲಿಲ್ಲ, ಧೂಳು ಕುಡಿಯಲಿಲ್ಲ.
ಕಾಲು ಕೊಟ್ಟು ಉಸಿರು ಉಳಿಸಿಕೊಂಡ.
ಅವಳು ಪೆನ್ನು ಎತ್ತಿದಳು, ಸ್ವಲ್ಪ ಹೊತ್ತು ಹಾಗೇ ಹಿಡಿದಿದ್ದಳು.

ಈಗ ಒಡಿಶಾ ಹುಡುಗರು. ದೀದಿ, ಚೀನಿ ಜಾಸ್ತಿ.
ಲೋಟ ಮತ್ತೆ ನಲವತ್ತು ಮುಟ್ಟಿದೆ,
ದೂರ ನಿಂತು ಎಣಿಸುವವರಿಗೆ ಏನೂ ಕಮ್ಮಿಯಾಗಿಲ್ಲ.
ಕೆಮ್ಮು ಶುರುವಾದರೆ ಇವರು ರೈಲು ಹತ್ತುತ್ತಾರೆ.
ಇವರ ಅಡ್ಡಗೆರೆ
ಯಾವ ಊರಿನ ಯಾರ ನೋಟಿನಲ್ಲಿ ಬೀಳುತ್ತೋ.

ನಿನ್ನೆ ಗುಟ್ಟಪ್ಪನ ದೊಡ್ಡವನು ಬಂದ, ಗು. ಮಾದೇಶ.
ಪೆನ್ಸಿಲ್ಲಲ್ಲಿ ಬರೆದಂಥ ಮೀಸೆ. ರೆಪ್ಪೆ ಬಿಳಿ.
ಮೊದಲ ಗುಟುಕು ಮುಕ್ಕಳಿಸಿ ಉಗಿದ.
ಬರ್ಕೋ ದೊಡ್ಡಮ್ಮ ಅಂದ, ಹೊಸ ಪುಟ ಯಾಕೆ,
ಅಪ್ಪಂದರಲ್ಲಿ ಜಾಗ ಇರ್ಬೇಕಲ್ಲ.

ಇತ್ತು.
ಅಡ್ಡಗೆರೆಯ ಕೆಳಗೆ
ಮುಕ್ಕಾಲು ಪುಟ.