ಹೋಲ್ಡಾನ್, ರೈಟ್

ಮೈಸೂರಿಂದ ಮಂಡ್ಯ, ಮಂಡ್ಯದಿಂದ ಮೈಸೂರು,
ದಿನಕ್ಕೆ ಆರು ಸಲ, ಹನ್ನೊಂದು ವರ್ಷ,
ನಿಂತುಕೊಂಡೇ ಹೋಗಿ ಬಂದವಳು ನಾನು.
ಮಂಡಿ ಅಂತ ಒಂದಿದೆ ಅಂತ
ಒಂದು ದಿನವೂ ಅನ್ನಿಸಿರಲಿಲ್ಲ.

ಬಾಬುರಾಯನಕೊಪ್ಪಲಲ್ಲಿ ಅಡ್ಡ ಬಂದ ಎಮ್ಮೆಗೆ
ಸಣ್ಣಪ್ಪ ಬ್ರೇಕು ಒತ್ತಿದ.
ಪಾದ ನಿಂತಲ್ಲೇ ನಿಂತಿತು, ಮೈ ತಿರುಗಿತು,
ನಡುವೆ ಸಿಕ್ಕ ಮಂಡಿ
ಯಾರ ಮಾತು ಕೇಳಬೇಕೋ ತಿಳಿಯದೆ
ಟಕ್ ಎಂದಿತು.
ಎಮ್ಮೆ ಆರಾಮಾಗಿ ದಾಟಿತು.
ಚೆಲ್ಲಿದ ಚಿಲ್ಲರೆ ಜನ ಆಯ್ದುಕೊಟ್ಟರು,
ಎರಡು ರೂಪಾಯಿ ಕಮ್ಮಿ, ಅಷ್ಟೇ.

ಸಂಜೆಗೆ ಮಂಡಿ ಬಾತು ಪರಂಗಿಹಣ್ಣು.
"ಕೀಲು ಸರಿದೈತೆ, ಕೆಂಚಣ್ಣನ ತಾವ ಎಳೆಸ್ಕೊಂಡು ಬಾ"
ಅಂದರು ಅತ್ತೆ.
ಕೆಂಚಣ್ಣ ಒತ್ತಿದ, ಕಣ್ಣು ಮುಚ್ಚಿದ,
ಎಳೆಯಲಿಲ್ಲ.
"ಮೂಳೆ ಅಲ್ಲ ಕಣವ್ವ, ಒಳಗಲ ಗಾದಿ,
ನನ್ನ ಕೈಗೆ ಎಟುಕಾಕಿಲ್ಲ" ಅಂತ
ಇಟ್ಟ ಐವತ್ತನ್ನೂ ವಾಪಸು ಕೊಟ್ಟ.

ಸ್ಕ್ಯಾನಿಂಗ್ ಕೊಳವೆಯೊಳಗೆ ಅರ್ಧ ಗಂಟೆ
ತಗಡಿನ ಮೇಲೆ ಯಾರೋ ಮೊಳೆ ಹೊಡೆದರು.
ಮೈಸೂರಿನ ಡಾಕ್ಟರು ಚಿತ್ರವನ್ನು ಬೆಳಕಿಗೆ ಹಿಡಿದು,
"ಎರಡು ಮೂಳೆಯ ನಡುವೆ ಬಿದಿಗೆ ಚಂದ್ರ ಎರಡು,
ಒಳಬದಿಯದು ಹರಿದಿದೆ" ಎಂದರು.
ನನಗೆ ಕಂಡದ್ದು
ಹರಿಯಬಾರದ ಕಡೆ ಹರಿದ ಟಿಕೆಟ್ಟು.

"ಕೊಯ್ದುಬಿಡಿ ಸಾರ್, ರಜೆ ಇಪ್ಪತ್ತೇ ಉಳಿದಿರೋದು."
"ಕೊಯ್ದಷ್ಟೂ ಗಾದಿ ಕಮ್ಮಿ ತಾಯಿ,
ಕಮ್ಮಿಯಾದದ್ದು ಮತ್ತೆ ಬೆಳೆಯೋದಿಲ್ಲ.
ಮಡಚಿದ ಮಂಡಿ ಸಿಕ್ಕಿಕೊಳ್ಳುತ್ತಿಲ್ಲವಲ್ಲ,
ಮೊದಲು ತೊಡೆಗೆ ಕೆಲಸ ಕೊಡಿ, ಮೂರು ತಿಂಗಳು.
ಆಮೇಲೂ ಬಗ್ಗದಿದ್ದರೆ
ನಾನೂ ಇಲ್ಲೇ ಇರ್ತೀನಿ, ಕತ್ತರಿಯೂ."

ಪಕ್ಕದ ಕುರ್ಚಿಯಲ್ಲಿ ಗರಡಿಯ ಹುಡುಗ, ಚೆಲುವರಾಜ.
ಅವನ ಭುಜ ಐದು ಸಲ ಜಾರಿದೆ:
ಮೊದಲು ಕುಸ್ತಿಯ ಮಣ್ಣಲ್ಲಿ, ಒಮ್ಮೆ ನಿದ್ದೆಯಲ್ಲಿ,
ಮೊನ್ನೆ ಬನಿಯನ್ನು ಬಿಚ್ಚುವಾಗ.
ಅವನಿಗೆ ಚಾಕು ಅಂದರೆ ಬೆವರು.
ಅವನಿಗೇ ಹೇಳಿದ್ದಾರೆ, ಬಟ್ಟಲಿನ ಅಂಚು ಕಿತ್ತಿದೆ,
ಎಷ್ಟು ಸಾಮು ಮಾಡಿದರೂ ಅದು ಹೊಲಿದುಕೊಳ್ಳೋದಿಲ್ಲ.
ಒಬ್ಬರ ಚೀಟಿ ಒಬ್ಬರು ಓದಿದೆವು.
"ಬದಲಾಯಿಸ್ಕೊಳ್ಳೋಣ್ವಾ ಅಕ್ಕ?" ಅಂದ.

ವ್ಯಾಯಾಮ ಹೇಳಿಕೊಡುವ ನಫೀಸಾ
ಸುತ್ತಿದ ಟವೆಲ್ಲನ್ನು ಮಂಡಿಯಡಿ ಇಟ್ಟಳು.
ಒತ್ತಿ. ಎತ್ತಿ. ಐದು ಎಣಿಸಿ.
ಒಂದು ಎರಡು ನನ್ನ ಬಾಯಿಗೆ ಬರಲಿಲ್ಲ, ಬಂದದ್ದು
ಸಿದ್ದಲಿಂಗಪುರ,
ಕಳಸ್ತವಾಡಿ,
ಪಶ್ಚಿಮವಾಹಿನಿ,
ಶ್ರೀರಂಗಪಟ್ಟಣ,
ಬಾಬುರಾಯನಕೊಪ್ಪಲು.
ಅಲ್ಲಿಗೆ ಬಂದಾಗ ತೊಡೆ ಗಡಗಡ ನಡುಗಿತು.
"ಹೋಲ್ಡಾನ್" ಅಂದೆ ಕಾಲಿಗೆ.
ಹಿಡಿದುಕೊಂಡಿತು.
"ರೈಟ್" ಅಂದೆ, ಇಳಿಯಿತು.
ನಫೀಸಾ ನಕ್ಕು ಬಗ್ಗಿದವಳು
ಐಸಿನ ಚೀಲ ತರಲು ಮರೆತಳು.

ಆರನೇ ವಾರಕ್ಕೆ ಚೆಲುವರಾಜ ಬಂದ,
ಭುಜದ ಮೇಲೆ ಮೂರೇ ಮೂರು ತೂತು,
ಕೊರಳಿಗೆ ತೂಗುಬಿದ್ದ ಕೈ.
ಗದೆ ತಿರುಗಿಸುತ್ತಿದ್ದವನು
ಮೇಜಿಗೆ ಬಗ್ಗಿ ಖಾಲಿ ಕೈಯನ್ನು ತೂಗಿದ,
ಒಳಗೆ ಯಾವುದೋ ಕೂಸು ಮಲಗಿದ ಹಾಗೆ ಮೆಲ್ಲಗೆ.
ಅವನದೂ ಅದೇ ಎಣಿಕೆ, ನನ್ನದೇ ಸ್ಟಾಪುಗಳು.
ಕಳಸ್ತವಾಡಿಯಲ್ಲೇ ಕಣ್ಣೀರು ಬಂದಾಗ
"ಚಿಲ್ಲರೆ ಆಮೇಲೆ ಕೊಡ್ತೀನಿ, ಮುಂದಕ್ಕೆ ಹೋಗಪ್ಪ" ಅಂದೆ.

ನೋವು ಹೋಯಿತು ಅಂತ ಹೇಳಲಾರೆ.
ಮೋಡವಾದರೆ ಮಂಡಿಗೆ ಮೊದಲು ಸುದ್ದಿ,
ಎತ್ತರದ ಮೆಟ್ಟಿಲಲ್ಲಿ ಒಳಗೊಂದು ಸಣ್ಣ ಸದ್ದು.
ಡಿಪೋದಲ್ಲಿ ಕುರ್ಚಿ ಕೆಲಸ ಕೊಡ್ತೀವಿ ಅಂದರು,
ಕೂತರೇ ಜಾಸ್ತಿ ಹಿಡಿಯೋದು ಸಾರ್, ಬೇಡ ಅಂದೆ.

ಇವತ್ತು ಚೀಲ ಹೆಗಲಿಗೆ, ಮಂಡಿ ಒಂಚೂರು ಸಡಿಲ,
ನಫೀಸಾ ಹೇಳಿದ ಹಾಗೆ,
ಪಾದವೂ ಮೈಯೂ ಒಂದೇ ಕಡೆಗೆ.
ಬಾಬುರಾಯನಕೊಪ್ಪಲು ಬರುತ್ತಲೇ
ಸಣ್ಣಪ್ಪ ಕನ್ನಡಿಯಲ್ಲಿ ನನ್ನನ್ನೇ ನೋಡುತ್ತ
ವೇಗ ಇಳಿಸುತ್ತಾನೆ.

ರಸ್ತೆಯಲ್ಲಿ ಎಮ್ಮೆ ಇಲ್ಲ, ಯಾರೂ ಇಲ್ಲ.
ಯಾಕಣ್ಣ ನಿಧಾನ?
ರೈಟ್, ರೈಟ್.