ಕೆಂಪು ಯಾವ ಕಡೆ

ನನ್ನಪ್ಪ ಎರ್ಲೆಂಡ್ ಡ್ರೆವರನಿಗೆ
ಕೆಂಪು, ಹಸಿರು ಎರಡೂ ಒಂದೇ.
ಹತ್ತೊಂಬತ್ತರಲ್ಲಿ, ಪೈಲಟ್ ಆಗುತ್ತೇನೆಂದು ಹೋದವನಿಗೆ
ಚುಕ್ಕಿಚುಕ್ಕಿಯ ಹಾಳೆ ತೋರಿಸಿ ಡಾಕ್ಟರು ಕೇಳಿದರಂತೆ:
"ಇದರೊಳಗೆ ಯಾವ ಅಂಕಿ?"
"ಬರೀ ಗಂಜಿ" ಅಂದನಂತೆ.
ಅಲ್ಲಿಗೆ ಮುಗಿಯಿತು. ದೋಣಿ ಹತ್ತಿ ವಾಪಸು ಬಂದ.

ಮರವೇ ಇಲ್ಲದ ಆರ್ಕ್‌ನಿಯ ನಮ್ಮ ದ್ವೀಪದಲ್ಲಿ
ಮೇಲೇಳುವುದು ಎರಡೇ: ಗಾಳಿ,
ಮತ್ತೆ ಎಂಟು ಸೀಟಿನ ವಿಮಾನ.
ಅದು ಇಳಿಯುವ ಜಲ್ಲಿದಾರಿಗೆ ಅಪ್ಪನೇ ಎಲ್ಲ.
ಕುರಿ ಅಟ್ಟುವವನು, ದೀಪ ಹಚ್ಚುವವನು,
ಬೆಂಕಿ ಆರಿಸುವ ಬಂಡಿಗೆ ಸಾರಥಿ
(ಮೂವತ್ತೊಂದು ವರ್ಷದಲ್ಲಿ ಅದು ಆರಿಸಿದ್ದು
ಇಸ್ಬೆಲಜ್ಜಿಯ ಹುಲ್ಲುಬಣವೆ, ಅದೂ ಅರ್ಧ),
ಹತ್ತುವವರನ್ನೆಲ್ಲ ಗಂಟುಮೂಟೆ ಸಮೇತ ತೂಗುವವನು.

ತಕ್ಕಡಿ ಹಿಂದೆ ಆಲೂಗಡ್ಡೆಯದು.
ಊರಿನ ಭಾರವೆಲ್ಲ ಅವನೊಬ್ಬನಿಗೆ ಗೊತ್ತಿತ್ತು,
ಯಾರದ್ದೂ ಅವನ ಬಾಯಿಂದ ಬೀಳಲಿಲ್ಲ.
ಎರಡು ದಿನಕ್ಕೆಂದು ಹೇಳಿ
ಮೂವತ್ತು ಕಿಲೋ ಬಟ್ಟೆ ಹೊತ್ತು ನಿಂತ ಮೇಷ್ಟರ ಹೆಂಡತಿಗೂ
"ಹೂಂ, ಸರಿಯಾಗಿದೆ" ಅಂದನಷ್ಟೇ.

ಕೊಟ್ಟಿಗೆಯಲ್ಲಿ ಒಂದು ರೆಕ್ಕೆ ಕಟ್ಟಿದ್ದ,
ಸ್ಪ್ರೂಸ್ ಮರದ್ದು, ಮೇಲೆ ಬಿಗಿದ ನಾರುಬಟ್ಟೆ.
ಎಂಜಿನ್ನಿಗೆಂದು ಕೂಡಿಟ್ಟ ದುಡ್ಡು
ಒಂದು ಬಿರುಗಾಳಿಯ ರಾತ್ರಿ ಮನೆಯ ಸೂರಿಗೆ ಹೋಯಿತು.
"ನಾನು ಸಾಕಿದ್ದರಲ್ಲಿ ಹಾರಿದ್ದು ಸೂರೊಂದೇ" ಎಂದು
ನಗುತ್ತಿದ್ದ.
ರೆಕ್ಕೆಯ ಮೇಲೆ ಈಗ ಕೋಳಿಗಳು ಕೂರುತ್ತವೆ.

ಟೊಮೇಟೊ ಕಾಯಿಯಿದ್ದಾಗಲೇ ಕಿತ್ತು ತಂದು ಬೈಸಿಕೊಳ್ಳುತ್ತಿದ್ದ.
ಮದುವೆಯ ವರ್ಷ ಪೇಟೆಯಿಂದ
ಅಮ್ಮನಿಗೆ ಹಸಿರೆಂದು ತಂದ ಉಣ್ಣೆಯ ಅಂಗಿ ಕಂದು.
ಅಮ್ಮ "ಎಂಥ ಹಸಿರು!" ಅಂದಳು,
ಅಂದದ್ದನ್ನೇ ಮೂವತ್ತು ಚಳಿಗಾಲ ತೊಟ್ಟಳು.
ನನಗೂ ಮ್ಯಾನ್ಸಿಗೂ ಬಣ್ಣ ಕಲಿಸುವಾಗ
ಆ ಅಂಗಿಯ ಪಾಠ ಬೇರೆಯೇ ಇತ್ತು.

ಕತ್ತಲಾದ ಮೇಲೆ ಕಲ್ಲುಗೋಡೆಯ ಮೇಲೆ ನನ್ನನ್ನು ಕೂರಿಸಿ,
ಸಮುದ್ರದಾಚೆ ಮಿನುಗುವುದಕ್ಕೆ ಬೆರಳು ತೋರಿ ಕೇಳುತ್ತಿದ್ದ:
"ಕೆಂಪು ಯಾವ ಕಡೆ?"
"ಬಲಕ್ಕೆ."
"ಹಾಗಾದರೆ ಬರ್ತಾ ಇದೆ.
ಎಡಕ್ಕಿದ್ದರೆ ಹೋಗ್ತಾ ಇದೆ."
ಎಡರೆಕ್ಕೆಯ ತುದಿಗೆ ಕೆಂಪು, ಬಲರೆಕ್ಕೆಗೆ ಹಸಿರು:
ಲೆಕ್ಕ ಅವನದು, ಕಣ್ಣು ನನ್ನದು.

ಒಮ್ಮೆ, ಯಾವುದಕ್ಕೋ ಮುನಿಸು,
ಬೇಕೆಂದೇ "ಎಡಕ್ಕೆ" ಅಂದೆ.
ಬರುತ್ತಿದ್ದ ವಿಮಾನಕ್ಕೆ ಕೈಬೀಸಿ ಬೀಳ್ಕೊಟ್ಟ ಅಪ್ಪ.
ಸದ್ದು ದೊಡ್ಡದಾಯಿತು. ಇನ್ನೂ ದೊಡ್ಡದಾಯಿತು.
ತಲೆಯ ಮೇಲೇ ಹಾದು ಹೋಯಿತು.
ನನ್ನ ಮುಖ ನೋಡಿದ.
"ಏನೋ ಮರೆತು ವಾಪಸು ಬಂದಿರಬೇಕು ಪಾಪ" ಅಂದ.

ಆಸ್ಪತ್ರೆಗೆ ಹೊರಟ ದಿನ
ಸ್ಟ್ರೆಚರ್ ಬೇಡವೆಂದು ಹಟ ಹಿಡಿದು, ಗೋಡೆ ಹಿಡಿದು,
ತಾನೇ ತಕ್ಕಡಿ ಹತ್ತಿದ.
ಆ ಕೆಲಸ ಈಗ ಮ್ಯಾನ್ಸಿಯದು.
ಮುಳ್ಳು ನೋಡಿದ, ಪುಸ್ತಕದಲ್ಲಿ ಬರೆದುಕೊಂಡ.
ಎಷ್ಟಿತ್ತೆಂದು ಇವತ್ತಿಗೂ ನಮಗೆ ಹೇಳಿಲ್ಲ.

ಒಂಬತ್ತು ದಿನ.
ಮೂರೂವರೆಗೇ ಕತ್ತಲು ಕವಿಯುವ ಜನವರಿಯ ಮಧ್ಯಾಹ್ನ,
ಸೀಟು ಬಿಚ್ಚಿ ಜಾಗ ಮಾಡಿ
ಕರ್ಕ್‌ವಾಲಿನಿಂದ ಕರೆತರುತ್ತಿದ್ದರು.
ದಾರಿಯ ದೀಪ ಹಚ್ಚಿ, ಕುರಿ ಅಟ್ಟಿ,
ಮ್ಯಾನ್ಸಿ ಬಂಡಿಯ ಪಕ್ಕ ನೆಟ್ಟಗೆ ನಿಂತಿದ್ದ.
ಅಮ್ಮ ತನ್ನ ಹಸಿರು ಅಂಗಿ ತೊಟ್ಟು
ಕಲ್ಲುಗೋಡೆಗೆ ಒರಗಿದ್ದಳು.

ದೂರದಲ್ಲಿ ಎರಡು ಚುಕ್ಕಿ.
"ಕೆಂಪು ಯಾವ ಕಡೆ?" ಎಂದು ಕೇಳಿದಳು.
ಅವಳ ಕಣ್ಣಿಗೆ ಏನೂ ಆಗಿಲ್ಲ,
ಈ ವಯಸ್ಸಿಗೂ ಸೂಜಿಗೆ ದಾರ ಪೋಣಿಸುತ್ತಾಳೆ.

ಬಲಕ್ಕಮ್ಮ, ಅಂದೆ.
ಬಲಕ್ಕೇ ಇದೆ.