ಬದಲಿ

ಲ್ಯಾಮಿಂಗ್ಟನ್ ರೋಡಿನಲ್ಲಿ ಮೆಟ್ಟಿಲ ಕೆಳಗಿನ ಅಂಗಡಿ.
ಅಂಗಡಿ ಅನ್ನುವುದಕ್ಕಿಂತ ಕಪಾಟು;
ಅದರೊಳಗೆ ಮಡಚಿ ಕೂತವನು ಹಾತಿಂ ಭಾಯಿ.
ಗಾಜಿನ ಮೇಲೆ ಎರಡು ಮೈಕ್ರೋಕಂಟ್ರೋಲರ್ ಬೋರ್ಡು ಇಟ್ಟ.
ಒಂದು ರಟ್ಟಿನ ಪೆಟ್ಟಿಗೆಯಲ್ಲಿ, ಹೆಸರು ಊರು ಗೋತ್ರ ಸಮೇತ.
ಇನ್ನೊಂದು ಜಿಪ್ಪಿನ ಪ್ಲಾಸ್ಟಿಕ್ ಚೀಲದಲ್ಲಿ, ಬರೀ ಮೈ.
ಒಂದರ ನೀಲಿ ಹಸಿರಿಗೆ ವಾಲಿದ ನೀಲಿ,
ಇನ್ನೊಂದರದು ಮುನ್ಸಿಪಲ್ ಶಾಲೆಯ ಯೂನಿಫಾರ್ಮಿನ ನೀಲಿ.
ಬೆಲೆಯಲ್ಲಿ ಆರು ಪಟ್ಟು ಅಂತರ.

'ಓರಿಜಿನಲ್ ಮಾಂಗ್ತಾ, ಕಿ ಕಾಮ್ ಮಾಂಗ್ತಾ?'
ಅಂದ, ಚಹಾದ ಗ್ಲಾಸಿನಿಂದ ಕಣ್ಣೆತ್ತದೆ.

ನಾನೇನು ಹೇಳಲಿ.
ಹನ್ನೊಂದು ವರ್ಷದಿಂದ ಪಂಪ್‌ಹೌಸಿನಲ್ಲಿ ಬದಲಿ ನಾನು.
ಸಾವಂತ ರಜೆ ಹಾಕಿದರೆ ಸಾವಂತ,
ಘೋರ್ಪಡೆ ಕುಡಿದು ಮಲಗಿದರೆ ಘೋರ್ಪಡೆ.
ವಾಲ್ವು ತಿರುವುವ ಕೈ ನನ್ನದು, ಮಸ್ಟರಿನ ಸಹಿ ಅವರದು.
ನೀರಿಗೆ ಈವರೆಗೆ ವ್ಯತ್ಯಾಸ ಗೊತ್ತಾಗಿಲ್ಲ.
ಚೀಲದ್ದನ್ನೇ ಕೊಡು ಅಂದೆ.

ಮೂರು ಸಂಜೆ ಅದು ಉಸಿರೆತ್ತಲಿಲ್ಲ.
ಕೆಂಪು ದೀಪ ಉರಿಯುತ್ತದೆ, ಮಾತಿಲ್ಲ.
ಲ್ಯಾಪ್‌ಟಾಪು ಪೋರ್ಟೇ ಇಲ್ಲ ಎನ್ನುತ್ತದೆ.
ಡ್ರೈವರು ಹಾಕಿದೆ, ತೆಗೆದೆ, ಮತ್ತೆ ಹಾಕಿದೆ.
ಬೆನ್ನು ತಿರುಗಿಸಿದರೆ ಇಟಲಿಯ ನಕ್ಷೆ,
ಅದರ ಕೆಳಗೆ ಇಟಲಿಗೇ ಕಾಗುಣಿತ ತಪ್ಪು.
ಕಳ್ಳನ ಮಗನೇ, ಸುಳ್ಳಿನ ಸಂತಾನವೇ ಅಂತ
ಬಾಯಿಗೆ ಬಂದದ್ದೆಲ್ಲ ಬೈದೆ.
ನಾಲ್ಕನೆಯ ಸಂಜೆ ಪಕ್ಕದ ಖೋಲಿಯ ಮೈಥಿಲಿ
ತನ್ನ ಕೇಬಲು ತಂದು ಚುಚ್ಚಿದಳು.
'ಕಾಕಾ, ನಿಮ್ಮದು ಬರೀ ಚಾರ್ಜಿಂಗಿನದು.
ಊಟ ಹಾಕುತ್ತೆ, ಮಾತು ದಾಟಿಸಲ್ಲ.'
ಹದಿಮೂರನೆಯ ಪಿನ್ನಿನ ಪಕ್ಕ ಎಳ್ಳು ಕಾಳಿನಷ್ಟು ದೀಪ
ಮಿಣುಕಿತು, ಆರಿತು, ಮಿಣುಕಿತು.
ಬೈಗುಳ ವಾಪಸು ತಗೊಳ್ಳುವ ಕ್ರಮ ನನಗೆ ತಿಳಿಯದು.
ಬೆರಳಿನಿಂದ ಧೂಳು ಒರೆಸಿದೆ.

ನಮ್ಮ ಕರಿ ರೋಡಿನ ಚಾಳಿಗೆ ನೀರು ಬರುವುದು
ಬೆಳಗಿನ ಜಾವ ನಾಲ್ಕರ ಸುಮಾರಿಗೆ, ನಲವತ್ತು ನಿಮಿಷ.
ಆ ಸುಮಾರಿನಲ್ಲೇ ಇರುವುದು ಎಲ್ಲ.
ಮೂರೂವರೆ ಆದೀತು, ಐದಕ್ಕೆ ಹತ್ತು ಕಮ್ಮಿ ಆದೀತು;
ಪಂಪ್‌ಹೌಸಿನವನಾಗಿ ನಾನೇ ಹೇಳಲಾರೆ.
ದ್ವಾರಕಾ ಮಾವಶಿ ಮೂರಕ್ಕೇ ಎದ್ದು
ಮೋರಿಯ ನಲ್ಲಿಗೆ ಕಿವಿಗೊಟ್ಟು ಕೂರುತ್ತಿದ್ದಳು.
ಕೊಳವೆಯೊಳಗೆ ಗಾಳಿ ಸೀಟಿ ಹೊಡೆದರೆ
ಇಪ್ಪತ್ತೆರಡು ಬಾಗಿಲು ಬಡಿಯಬೇಕು,
ಎಪ್ಪತ್ತು ದಾಟಿದ ಮಂಡಿಗಳ ಮೇಲೆ.
ಆ ಮಂಡಿಗಳಿಗೆಂದೇ ಇಷ್ಟೆಲ್ಲ.

ಎರಡು ತಂತಿ ನಲ್ಲಿಯ ಬಾಯಿಗೆ,
ಬಜರು ಒಂದು, ಸಾಬೂನಿನ ಡಬ್ಬಿಯಲ್ಲಿ ಬೋರ್ಡು.
ನೀರು ತಂತಿ ಮುಟ್ಟಿದರೆ ಕೂಗು. ಅಷ್ಟೇ ವಿದ್ಯೆ.
ಮೊದಲ ರಾತ್ರಿ ಒಂದೂಮುಕ್ಕಾಲಿಗೇ ಕೂಗಿತು.
ಇಡೀ ಚಾಳು ಕೊಡ ಹಿಡಿದು ನಿಂತಿತು, ಹನಿಯಿಲ್ಲ.
ಜುಲೈನ ಗಾಳಿಯನ್ನೇ ನೀರೆಂದು ತಿಳಿದಿತ್ತು ಪಾಪ.
ಈ ಊರಿನ ಜುಲೈನಲ್ಲಿ ಯಾರಾದರೂ ಹಾಗೇ ತಿಳಿದಾರು.
ಮುನ್ನೂರು ಇದ್ದ ಅಂಕೆಯನ್ನು ಆರುನೂರು ಮಾಡಿದೆ.
ಆಮೇಲೆ ತಪ್ಪಲಿಲ್ಲ.

ಹದಿನೈದು ದಿನ ಚಾಳು ನನ್ನನ್ನು ಇಂಜಿನಿಯರ್ ಅಂದಿತು.
ಮಾವಶಿ ಮಾತ್ರ ಮಾತು ಬಿಟ್ಟಳು.
ಕೂಗಿಗೆ ಎದ್ದು ಹೋದರೆ
ಮೂರರಿಂದಲೇ ಅಲ್ಲಿ ಕೂತಿರುತ್ತಿದ್ದಳು,
ಡಬ್ಬಿಯ ಎದುರು, ಸವತಿಯನ್ನು ನೋಡುವ ಹಾಗೆ.

ಒಂದು ದಿನ ತಾನಾಗಿ ಅಂದಳು:
'ಇದಕ್ಕೆ ನೀರು ಗೊತ್ತು, ಸರಿ.
ಏಳನೇ ನಂಬರಿನ ಬಾಣಂತಿ ಈಗಷ್ಟೇ ಕಣ್ಣು ಮುಚ್ಚಿದ್ದು ಗೊತ್ತಾ?
ಹತ್ತೊಂಬತ್ತರವನಿಗೆ ಜ್ವರ ಅಂತ ಗೊತ್ತಾ?
ಅವರ ಕೊಡ ನಾನೇ ತುಂಬಿಡುತ್ತಿದ್ದೆ, ಬಾಗಿಲು ಬಡಿಯದೆ.'

ಭಾನುವಾರ ಉದ್ದನೆಯ ತಂತಿ ಎಳೆದೆ.
ಬಜರನ್ನು ಮೋರಿಯಿಂದ ಕಿತ್ತು
ಅವಳ ದಿಂಬಿನ ಮೇಲಿನ ಗೂಡಿನಲ್ಲಿ ಕೂರಿಸಿದೆ.
ದನಿಯನ್ನೂ ತಗ್ಗಿಸಿದೆ, ಒಬ್ಬಳಿಗೆ ಕೇಳುವಷ್ಟು.
ಈಗ ನೀರು ಬರುವ ತನಕ ಮಲಗುತ್ತಾಳೆ,
ಅಥವಾ ಮಲಗುತ್ತೇನೆ ಅನ್ನುತ್ತಾಳೆ.
ಆಮೇಲೆ ಬಡಿತ. ಐದು, ಆರು,
ಏಳನ್ನು ಬಿಟ್ಟು ಎಂಟು.

ಇವತ್ತು ನನ್ನ ಬಾಗಿಲಿಗೆ ಬಡಿತವಿಲ್ಲ.
ಬಿಸಿಲೇರಿದ ಮೇಲೆ ಎದ್ದು ತೆರೆದರೆ
ಹೊಸ್ತಿಲ ಹೊರಗೆ ಮುಚ್ಚಳ ಹಾಕಿದ ಕೊಡ.
ರಾತ್ರಿ ಎರಡರವರೆಗೆ ನಾನು ಸಾವಂತನಾಗಿದ್ದೆ.